ಉಪ್ಪು ಕರಗಬೇಕು, ಸೋಡ ಕರಗಬಾರದು

ಕಳೆದ ವರ್ಷ ಕಬ್ಬು ಅರೆಯುವ ಕಾಲದಲ್ಲಿ ದೊಡ್ಡಪ್ಪನ ಆಲೆಮನೆಯ ಗಾಣ ಕಿರುಗುಟ್ಟತೊಡಗಿತು. ಪಾಂಡವಪುರದ ಹತ್ತಿರ ನನ್ನದೊಂದು ರಿಪೇರಿ ಅಂಗಡಿಯಿದೆ. ಟ್ರ್ಯಾಕ್ಟರ್, ಪಂಪ್‌ಸೆಟ್, ಗಾಣ, ಯಾವುದು ಕೆಟ್ಟರೂ ಕೊನೆಗೆ ನನ್ನ ಬಾಗಿಲಿಗೇ ಬರುತ್ತದೆ. ಹೋಗಿ ಬೇರಿಂಗ್ ಬದಲಾಯಿಸಿಕೊಟ್ಟೆ. ದೊಡ್ಡಪ್ಪ ಕೂಲಿಯ ಮಾತೆತ್ತಿದಾಗ, ‘ದುಡ್ಡು ಬೇಡ ದೊಡ್ಡಪ್ಪ, ಈ ಹಳೆಯ ಬೇರಿಂಗ್ ಕೊಡಿ, ಜೊತೆಗೆ ನಾಲ್ಕು ಅಚ್ಚು ಬೆಲ್ಲ ಕೊಡಿ’ ಎಂದೆ. ಬೆಲ್ಲ ಒಂದು ವಾರದಲ್ಲಿ ಮುಗಿಯಿತು. ಬೇರಿಂಗ್ ಎಂಟು ತಿಂಗಳು ನನ್ನನ್ನು ಕಾಡಿತು.

ಅದರ ಹೊರ ಬಳೆಯಿಂದ ಮಾಡಿದ ಮೊದಲ ಚಾಕುವನ್ನು ನಮ್ಮೂರ ಆಚಾರರ ಕುಲುಮೆಯಲ್ಲೇ ಬಡಿದಿದ್ದೆ. ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಕುಡುಗೋಲು, ಮಚ್ಚು ಮಾಡುವುದರಲ್ಲಿ ಅವರನ್ನು ಮೀರಿಸುವವರು ಸುತ್ತಮುತ್ತ ಇಲ್ಲ. ಚಾಕು ಕೆಂಪಗೆ ಕಾದ ಕೂಡಲೇ, ‘ಇನ್ನೇನು ನೋಡುತ್ತೀಯಪ್ಪ, ಅದ್ದು’ ಎಂದರು. ಕಲ್ಲು ಬಾನಿಯ ನೀರಿಗೆ ಅದ್ದಿದೆ. ಬುಸ್ಸೆಂದು ಹಬೆ ಎದ್ದಿತು, ಅಡಗಿತು. ಆಮೇಲೆ ನೀರಿನೊಳಗಿನಿಂದ ಗಾಜಿನ ಬಳೆ ಒಡೆದಂಥ ಸಣ್ಣ ಸದ್ದು. ತೆಗೆದು ಒರೆಸಿ ನೋಡಿದರೆ ಬಾಯಿಯಿಂದ ಬೆನ್ನಿನವರೆಗೆ ಕೂದಲೆಳೆಯಷ್ಟು ಬಿರುಕು. ‘ಇದು ಉಕ್ಕೇ ಅಲ್ಲ, ಬೀಡು ಕಬ್ಬಿಣ’ ಎಂದು ಆಚಾರರು ತೀರ್ಪು ಕೊಟ್ಟರು.

ಅದು ಬೀಡಲ್ಲ. ಒಳ್ಳೆಯ ಉಕ್ಕೇ. ನಾವಿಬ್ಬರೂ ಅದನ್ನು ಸ್ಪ್ರಿಂಗ್ ಪಟ್ಟಿಯೆಂದು ಭಾವಿಸಿ ನಡೆಸಿಕೊಂಡದ್ದು ತಪ್ಪು.

ಬೇರಿಂಗಿನ ಉಕ್ಕಿಗೆ ನಮ್ಮ ಲೇತ್ ಅಂಗಡಿಗಳಲ್ಲಿ ಇಎನ್ 31 ಎಂದು ಹೆಸರು. ಅಮೆರಿಕದವರ 52100, ಜರ್ಮನಿಯವರ 100ಸಿಆರ್6, ಜಪಾನಿನವರ ಎಸ್‌ಯುಜೆ2 ಎಲ್ಲವೂ ಹೆಚ್ಚುಕಡಿಮೆ ಇದೇ. ನೂರರಲ್ಲಿ ಒಂದು ಪಾಲು ಇಂಗಾಲ, ಒಂದೂವರೆ ಪಾಲು ಕ್ರೋಮಿಯಂ. ಲಾರಿಯ ಸ್ಪ್ರಿಂಗ್ ಪಟ್ಟಿಯಲ್ಲಿ ಇಂಗಾಲ ಅರ್ಧ ಪಾಲಿನ ಆಸುಪಾಸು ಇರುತ್ತದೆ, ಕಾದರೆ ಬೇಗ ಕಬ್ಬಿಣದಲ್ಲಿ ಬೆರೆತುಬಿಡುತ್ತದೆ. ಬೇರಿಂಗ್ ಉಕ್ಕಿನಲ್ಲಿ ಇಂಗಾಲವನ್ನು ಕ್ರೋಮಿಯಂ ಹಿಡಿದಿಟ್ಟುಕೊಂಡಿರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಗಟ್ಟಿ ಹರಳುಗಳಾಗಿ ಅದು ಕಬ್ಬಿಣದ ತುಂಬ ಹರಡಿರುತ್ತದೆ. ಬಿಸಿ ಹಾಲಿಗೆ ಸಕ್ಕರೆ ಹಾಕುವುದಕ್ಕೂ ಕಲ್ಲುಸಕ್ಕರೆ ಹಾಕುವುದಕ್ಕೂ ಇರುವ ವ್ಯತ್ಯಾಸ ಇದು. ಕಲ್ಲುಸಕ್ಕರೆ ಹಾಕಿದವನು ಕಾಯಬೇಕು. ಹಾಗೆಂದು ಎಲ್ಲ ಹರಳನ್ನೂ ಕರಗಿಸಿಬಿಡಬಾರದು. ಸ್ವಲ್ಪ ಭಾಗ ಕರಗಿ ಕಬ್ಬಿಣವನ್ನು ಗಡಸಾಗಿಸಬೇಕು, ಉಳಿದದ್ದು ಹರಳಾಗಿಯೇ ಉಳಿದು ಬಾಯಿ ಸವೆಯದಂತೆ ಕಾಯಬೇಕು. ಬೆಂಕಿ ಕಡಿಮೆಯಾದರೆ ಚಾಕು ಮೆತ್ತಗೆ. ಹೆಚ್ಚಾದರೆ ಒಳಗಿನ ಕಣ ದಪ್ಪವಾಗಿ ಬಿಸ್ಕತ್ತಿನಂತೆ ಮುರಿಯುತ್ತದೆ. ಈ ಎರಡರ ನಡುವಿನ ಜಾಗ ಸುಮಾರು 800ರಿಂದ 845 ಡಿಗ್ರಿ ಸೆಲ್ಸಿಯಸ್. ಆ ಜಾಗದಲ್ಲಿ ಹತ್ತು ನಿಮಿಷ ನಿಲ್ಲಬೇಕು. ಈ ಕೆಲಸದ ಕಷ್ಟವೆಲ್ಲ ಆ ಹತ್ತು ನಿಮಿಷದಲ್ಲಿದೆ, ನಾನು ಹೇಳಹೊರಟಿರುವುದೂ ಹೆಚ್ಚಾಗಿ ಅದರ ಬಗ್ಗೆಯೇ. ಉಳಿದದ್ದನ್ನು ಬೇಗ ಬೇಗ ಮುಗಿಸುತ್ತೇನೆ.

ಮೊದಲು ಬೇರಿಂಗ್ ಆರಿಸುವುದು. ಗುಂಡುಗಳಿರುವ ಸಾಮಾನ್ಯ ಬಾಲ್ ಬೇರಿಂಗಿನ ಹೊರ ಬಳೆ, ಅಂದರೆ ಗ್ಯಾರೇಜಿನವರು ಔಟರ್ ಎನ್ನುವುದು, ಹೊಸಬರಿಗೆ ಒಳ್ಳೆಯದು. ನನಗೆ ಸಿಕ್ಕದ್ದರ ಮೇಲಿದ್ದ ನಂಬರು 6312. ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸಿದರೆ ಒಳ ರಂಧ್ರದ ಅಳತೆ, ಇಲ್ಲಿ 60 ಮಿಲಿಮೀಟರ್. ಹೊರ ಅಳತೆ 130, ಅಗಲ 31. ಹೊರ ಬಳೆಯನ್ನು ಎರಡು ಹೋಳು ಮಾಡಿದರೆ ಹೋಳಿಗೆ ಒಂದು ಗೇಣಿನ ಆಸುಪಾಸು ಬರುತ್ತದೆ. ಅಡುಗೆಮನೆಯ ಚಾಕುವಿಗೆ ಇದು ಧಾರಾಳ. ಲಾರಿ ಚಕ್ರದ ದೊಡ್ಡ ಕೋನ್ ಬೇರಿಂಗುಗಳ ಬಗ್ಗೆ ಎಚ್ಚರವಿರಲಿ. ಅವುಗಳಲ್ಲಿ ಹಲವು ಮೇಲ್ಪದರ ಮಾತ್ರ ಗಡಸು ಮಾಡಿದ ಮೆದು ಉಕ್ಕಿನವು. ಬಡಿದು ಚಾಕು ಮಾಡಿದ ಮೇಲೆ ಎಷ್ಟು ಹದ ಹಾಕಿದರೂ ಬಾಯಿ ನಿಲ್ಲುವುದಿಲ್ಲ. ಅನುಮಾನವಿದ್ದರೆ ಒಂದು ತುಂಡನ್ನು ಬಡಿದು ತೆಳ್ಳಗೆ ಮಾಡಿ, ಕೆಂಪಗೆ ಕಾಯಿಸಿ ಎಣ್ಣೆಗೆ ಹಾಕಿ, ತಣ್ಣಗಾದ ಮೇಲೆ ವೈಸಿನಲ್ಲಿ ಹಿಡಿದು ಬಟ್ಟೆ ಸುತ್ತಿ ಮುರಿಯಿರಿ. ಬಾಗಿದರೆ ಅದನ್ನು ಗುಜರಿಗೇ ಹಾಕಿ. ಪಟ್ಟನೆ ಮುರಿದರೆ ನಿಮ್ಮದು.

ಒಂದು ಮಾತನ್ನು ಮಾತ್ರ ಅವಸರಿಸದೆ ಹೇಳಬೇಕು: ತಣ್ಣಗಿರುವ ಬೇರಿಂಗಿಗೆ ಸುತ್ತಿಗೆಯಿಂದ ಹೊಡೆಯಬೇಡಿ. ಅದರ ಚೂರು ಗುಂಡಿನ ಹಾಗೆ ಹಾರುತ್ತದೆ. ನನ್ನ ಎಡ ಮುಂಗೈಯಲ್ಲಿ ಈಗಲೂ ಸಾಸಿವೆಯಷ್ಟು ಉಕ್ಕಿದೆ. ಸೀಮೆಎಣ್ಣೆಯಲ್ಲಿ ಗ್ರೀಸ್ ತೊಳೆದು, ಕನ್ನಡಕ ಹಾಕಿಕೊಂಡು, ಗಾರ್ಡ್ ಬಿಚ್ಚದ ಗ್ರೈಂಡರಿನಲ್ಲಿ ಹೊರ ಬಳೆಯನ್ನು ಕೊಯ್ಯಿರಿ. ಗುಂಡು, ಒಳ ಬಳೆ ತಾವಾಗಿ ಬೀಳುತ್ತವೆ. ಆಮೇಲೆ ಬಳೆಯನ್ನು ಮಂದ ಕೆಂಪಿಗೆ, ಆಯಸ್ಕಾಂತ ಇನ್ನೂ ಹಿಡಿಯುವ ಮಟ್ಟಕ್ಕೆ ಮಾತ್ರ ಕಾಯಿಸಿ ಬೂದಿಯಲ್ಲಿ ಹೂಳಿ ರಾತ್ರಿಯಿಡೀ ಬಿಡಿ. ನಮ್ಮ ಕಡೆ ಭತ್ತದ ಹೊಟ್ಟಿನ ಬೂದಿಗೆ ಬರವಿಲ್ಲ, ಬಿಸಿ ಹಿಡಿದಿಡುವುದರಲ್ಲಿ ಅದಕ್ಕೆ ಸಾಟಿಯೂ ಇಲ್ಲ. ಉಕ್ಕಿನ ಕಾರ್ಖಾನೆಗಳಲ್ಲಿ ಕರಗಿದ ಉಕ್ಕಿನ ಮೇಲೆ ಹೊದಿಸಲು ಇದನ್ನೇ ಬಳಸುತ್ತಾರೆ. ಬೆಳಿಗ್ಗೆ ತೆಗೆದರೆ ಅರ ಹಿಡಿಯುವಷ್ಟು ಮೆತ್ತಗಾಗಿರುತ್ತದೆ.

ಕುಲುಮೆಗೆ ದೊಡ್ಡ ಸಂಭ್ರಮ ಬೇಡ. ನನ್ನದು ಲಾರಿಯ ಹಳೆಯ ಬ್ರೇಕ್ ಡ್ರಮ್. ಒಳಗೆ ಹುತ್ತದ ಮಣ್ಣಿಗೆ ಭತ್ತದ ಹೊಟ್ಟು ಕಲಸಿ ಮೂರು ಬೆರಳು ದಪ್ಪಕ್ಕೆ ಮೆತ್ತಿದ್ದೇನೆ. ಪಾಳುಬಿದ್ದ ಹುತ್ತದ ಮಣ್ಣನ್ನೇ ತನ್ನಿ. ನಾನು ನಾಗರಪಂಚಮಿಯ ಹಿಂದಿನ ವಾರ ಗುದ್ದಲಿ ಹಿಡಿದು ಹೊರಟು ಅಮ್ಮನಿಂದ ಬೈಸಿಕೊಂಡು ವಾಪಸು ಬಂದವನು. ಗಾಳಿಗೆ ಕೈಯಿಂದ ತಿರುಗಿಸುವ ಬ್ಲೋವರ್ ಸಾಕು. ತೆಂಗಿನ ಕರಟದ ಇದ್ದಿಲು ಚೆನ್ನಾಗಿ ಉರಿಯುತ್ತದೆ, ಕಿಡಿಯೂ ಕಡಿಮೆ. ಮುಚ್ಚಿದ ಕೋಣೆಯಲ್ಲಿ ಮಾತ್ರ ಹಚ್ಚಬೇಡಿ. ಇದ್ದಿಲಿನ ವಿಷಗಾಳಿಗೆ ವಾಸನೆಯಿಲ್ಲ.

ಬಡಿಯುವಾಗ ಈ ಉಕ್ಕು ಮೊಂಡು. ಅದೇ ಕಾವಿನಲ್ಲಿ ಸ್ಪ್ರಿಂಗ್ ಪಟ್ಟಿ ಮಾತು ಕೇಳುತ್ತದೆ, ಇದು ಸುತ್ತಿಗೆಯನ್ನು ಹಿಂದಕ್ಕೆ ಎಸೆಯುತ್ತದೆ. ಹೊಳೆಯುವ ಕಿತ್ತಳೆ ಬಣ್ಣದಲ್ಲಿ ಬಡಿಯಿರಿ, ಮಂದ ಕೆಂಪಿಗೆ ಇಳಿದ ಕೂಡಲೇ ಬೆಂಕಿಗೆ ಹಿಂತಿರುಗಿಸಿ. ಕಿಡಿ ಹಾರಿಸುವಷ್ಟು ಬೆಳ್ಳಗೆ ಕಾಯಿಸಿದರೆ ಉಕ್ಕು ಸುಟ್ಟಿತೆಂದೇ ಲೆಕ್ಕ, ಸುಟ್ಟದ್ದಕ್ಕೆ ಮದ್ದಿಲ್ಲ. ಬೆನ್ನು ಮೂರು ಮಿಲಿಮೀಟರ್ ಇರಲಿ. ಉದ್ದ ಆರೇಳು ಇಂಚು ಸಾಕು. ಮನೆ, ಹೊಲದ ಕೆಲಸದ್ದಲ್ಲದ, ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲದ ಅಲಗು ನಮ್ಮ ದೇಶದಲ್ಲಿ ಆಯುಧದ ಲೆಕ್ಕಕ್ಕೆ ಬರುತ್ತದೆ. ಆ ತಂಟೆ ನಮಗೇಕೆ?

ಬಡಿದ ಮೇಲೆ ಒಳಗಿನ ಕಣಗಳು ಚೆಲ್ಲಾಪಿಲ್ಲಿಯಾಗಿರುತ್ತವೆ. ಅವನ್ನು ಸರಿಪಡಿಸಲು ಮೂರು ಬಾರಿ ಕಾಯಿಸಿ, ಮೂರು ಬಾರಿಯೂ ಗಾಳಿಯಲ್ಲೇ ಕಪ್ಪಾಗುವವರೆಗೆ ಆರಲು ಬಿಡಬೇಕು. ಮೊದಲ ಸಲ ಕಿತ್ತಳೆ ಬಣ್ಣಕ್ಕೆ, ಅಂದರೆ 900 ದಾಟುವಷ್ಟು, ನಾಲ್ಕೈದು ನಿಮಿಷ. ಎರಡನೆಯ ಸಲ ಅದಕ್ಕಿಂತ ಕಡಿಮೆ. ಮೂರನೆಯ ಸಲ ಆಯಸ್ಕಾಂತ ಬಿಟ್ಟ ಮೇಲೆ ಒಂದಿಷ್ಟೇ. ಅಲಗು ತೆಳ್ಳಗಿದ್ದರೆ ಬರೀ ಗಾಳಿಗೇ ಅರ್ಧ ಗಡಸಾಗಿಬಿಡುತ್ತದೆ, ಡ್ರಿಲ್ ಬಿಟ್ಟು ಜಾರುತ್ತದೆ. ಹಾಗಾಗಿ ಮತ್ತೊಮ್ಮೆ ಮಂದ ಕೆಂಪಿಗೆ ಕಾಯಿಸಿ ಹೊಟ್ಟಿನ ಬೂದಿಗೆ ಹಾಕಿ, ಆಮೇಲೆ ಹಿಡಿಯ ರಂಧ್ರ ಕೊರೆಯಿರಿ.

ಈ ಮೂರು ಸುತ್ತನ್ನು ಬಿಟ್ಟರೆ ಏನಾಗುತ್ತದೆಂದು ನೋಡುವ ಕುತೂಹಲವಿದ್ದರೆ ಉಳಿದ ತುಂಡುಗಳನ್ನು ಬಳಸಿ. ಒಂದಕ್ಕೆ ಮೂರು ಸುತ್ತು ಮಾಡಿ, ಇನ್ನೊಂದನ್ನು ಕಿತ್ತಳೆ ಬಣ್ಣದಿಂದ ನೇರವಾಗಿ ಎಣ್ಣೆಗೆ ಹಾಕಿ, ಎರಡನ್ನೂ ಮುರಿದು ಬಿಸಿಲಿಗೆ ಹಿಡಿಯಿರಿ. ಮೊದಲನೆಯದು ಬೂದು ಬಣ್ಣದ ಮಖಮಲ್ಲಿನಂತೆ ನುಣ್ಣಗಿರುತ್ತದೆ, ಕಣ ಕಾಣುವುದಿಲ್ಲ. ಎರಡನೆಯದು ಸಕ್ಕರೆ ಮುರಿದಂತೆ ಮಿಣಮಿಣ ಹೊಳೆಯುತ್ತದೆ. 1933ರಿಂದ ಸಕ್ಕರೆ ಕಾರ್ಖಾನೆಯಿರುವ ಜಿಲ್ಲೆಯವರು ನಾವು, ಸಕ್ಕರೆ ಕಂಡರೆ ಖುಷಿಪಡುವ ಜನ; ಮುರಿದ ಉಕ್ಕಿನಲ್ಲಿ ಮಾತ್ರ ಅದು ಕಾಣಿಸಬಾರದು.

ಇನ್ನು ಸಾಣೆ ಹಿಡಿದು ಆಕಾರ ಕೊಡುವುದು. ಬಾಯಿಯನ್ನು ಈಗಲೇ ಚೂಪು ಮಾಡಬೇಡಿ, ಒಂದು ರೂಪಾಯಿ ನಾಣ್ಯದಷ್ಟು ದಪ್ಪ ಬಿಡಿ. ತೆಳುವಾದ ಬಾಯಿ ಎಣ್ಣೆಯಲ್ಲಿ ಹಪ್ಪಳದಂತೆ ಸುರುಳುತ್ತದೆ. ಅಡ್ಡಗೀರುಗಳನ್ನು ಉಜ್ಜುಕಾಗದದಿಂದ ಉದ್ದಕ್ಕೆ ತಿಕ್ಕಿ ತೆಗೆಯಿರಿ. ಬಿರುಕು ಶುರುವಾಗುವುದು ಅಂಥ ಗೀರಿನಿಂದಲೇ.

ಈಗ ಆ ಹತ್ತು ನಿಮಿಷ.

ಆಯಸ್ಕಾಂತ ಬಿಟ್ಟ ಕೂಡಲೇ ಅದ್ದಿಬಿಡಿ ಎಂದು ಹೇಳುವವರು ಬಹಳ ಜನ. ಕಬ್ಬಿಣ ಆಯಸ್ಕಾಂತಕ್ಕೆ ಅಂಟುವುದನ್ನು ಬಿಡುವುದು ಸುಮಾರು 770 ಡಿಗ್ರಿಯಲ್ಲಿ. ಸ್ಪ್ರಿಂಗ್ ಪಟ್ಟಿಯವನು ಅದರ ಮೇಲೆ ಒಂದು ಛಾಯೆ ಹೆಚ್ಚಿಗೆ ಕಾಯಿಸಿ ಅದ್ದಿ ಪಾರಾಗುತ್ತಾನೆ. ನಮಗೆ ಇನ್ನೂ ಮೂವತ್ತು ನಲವತ್ತು ಡಿಗ್ರಿ ಮೇಲಕ್ಕೆ ಹೋಗಿ ಅಲ್ಲೇ ನಿಲ್ಲುವುದಿದೆ. ನಿಂತಿದ್ದೇವೆ ಎಂದು ತಿಳಿಯುವುದು ಹೇಗೆ? ಬಣ್ಣ ನೋಡಿ, ಚೆರ್ರಿ ಹಣ್ಣಿನ ಕೆಂಪು ಬರಬೇಕು ಎನ್ನುತ್ತಾರೆ. ಬಣ್ಣ ಮೋಡದ ದಿನ ಒಂದು, ಬಿಸಿಲಿನ ದಿನ ಒಂದು. ನನಗೆ ವಯಸ್ಸು ಐವತ್ತೆರಡು, ಎಡಗಣ್ಣಿಗೆ ಪೊರೆ ಶುರುವಾಗಿದೆ. ನನ್ನ ಚೆರ್ರಿ ಕೆಂಪು ನಿಮ್ಮದಲ್ಲ. ಆ ಚೆರ್ರಿ ಹಣ್ಣನ್ನಾದರೂ ನಾನು ನೋಡಿರುವುದು ಬೇಕರಿಯ ಕೇಕಿನ ಮೇಲೆ ಮಾತ್ರ.

ದಾರಿ ಅಡುಗೆಮನೆಯಲ್ಲಿದೆ. ಅಡುಗೆಯ ಉಪ್ಪು ಕರಗಿ ನೀರಾಗುವುದು 801 ಡಿಗ್ರಿಯಲ್ಲಿ. ಬಟ್ಟೆ ಒಗೆಯುವ ವಾಷಿಂಗ್ ಸೋಡ ಕರಗುವುದು 851ರಲ್ಲಿ. ನಮಗೆ ಬೇಕಾದ ಕಾವು ಇವೆರಡರ ನಡುವೆ ಅಳೆದಿಟ್ಟಂತೆ ಕೂತಿದೆ. ಉಪ್ಪು ಕರಗಿರಬೇಕು, ಸೋಡ ಕರಗಿರಬಾರದು.

ಮಾಡುವ ಬಗೆ ಹೀಗೆ. ಎರಡೂವರೆ ಇಂಚಿನ, ಒಂದೂವರೆ ಅಡಿ ಉದ್ದದ ಕಬ್ಬಿಣದ ಪೈಪ್ ತೆಗೆದುಕೊಂಡು ಒಂದು ತುದಿಯನ್ನು ಬೆಸೆದು ಮುಚ್ಚಿಸಿ. ನೀರಿನ ಜಿಐ ಪೈಪ್ ಬೇಡವೇ ಬೇಡ. ಅದರ ಸತುವಿನ ಲೇಪ ಬೆಂಕಿಗೆ ಬಿಳಿ ಹೊಗೆಯಾಗಿ ಎದ್ದು ಜ್ವರ ಬರಿಸುತ್ತದೆ. ಕಪ್ಪು ಪೈಪೇ ಆಗಬೇಕು. ಇದನ್ನು ಇದ್ದಿಲಿನ ನಡುವೆ ಮಲಗಿಸಿ, ಕೆಳಗೆ, ಬದಿಗೆ, ಮೇಲೆ ಇದ್ದಿಲು ಮುಚ್ಚಿ. ಚಾಕು ಬೆಂಕಿಯಲ್ಲಿ ಬೇಯುವುದಿಲ್ಲ, ಪೈಪಿನೊಳಗಿನ ಕಾವಿನಲ್ಲಿ ಬೇಯುತ್ತದೆ, ಇಡ್ಲಿ ಹಬೆಯಲ್ಲಿ ಬೇಯುವ ಹಾಗೆ. ಪೈಪಿನ ಒಳಕ್ಕೆ ಒಂದು ತುಂಡು ಇದ್ದಿಲು ಹಾಕಿ. ಒಳಗಿನ ಆಮ್ಲಜನಕವನ್ನು ಅದೇ ತಿಂದುಕೊಳ್ಳುತ್ತದೆ, ಇಲ್ಲವಾದರೆ ಆಮ್ಲಜನಕ ಚಾಕುವಿನ ಮೈಯಿಂದ ಇಂಗಾಲವನ್ನು ತಿನ್ನುತ್ತದೆ.

ಎರಡು ದಪ್ಪ ಮೊಳೆಗಳ ತಲೆಯನ್ನು ಬಡಿದು ಅಗಲ ಮಾಡಿ ಸಣ್ಣ ಚಮಚಗಳನ್ನಾಗಿಸಿಕೊಳ್ಳಿ. ಒಂದರಲ್ಲಿ ಚಿಟಿಕೆ ಉಪ್ಪು, ಇನ್ನೊಂದರಲ್ಲಿ ಚಿಟಿಕೆ ಸೋಡ. ಎರಡನ್ನೂ ಮೊದಲೇ ಬಾಣಲೆಯಲ್ಲಿ ಬೇರೆ ಬೇರೆಯಾಗಿ ಹುರಿದುಕೊಳ್ಳಿ. ಹಸಿ ಉಪ್ಪು ದೃಷ್ಟಿ ತೆಗೆದು ಒಲೆಗೆ ಹಾಕಿದ ಉಪ್ಪಿನಂತೆ ಚಟಪಟ ಸಿಡಿಯುತ್ತದೆ. ಹರಳು ಸೋಡದಲ್ಲಂತೂ ಅರ್ಧಕ್ಕಿಂತ ಹೆಚ್ಚು ನೀರೇ ಇರುತ್ತದೆ; ಹುರಿಯದಿದ್ದರೆ ಅದು ಆರಂಭದಲ್ಲೇ ತನ್ನ ನೀರಿನಲ್ಲಿ ತಾನು ಕರಗಿ ಮೋಸಮಾಡುತ್ತದೆ. ಒಣಗಿ ಬಿಳಿ ಪುಡಿಯಾಗಬೇಕು. ಎರಡೂ ಒಂದಕ್ಕೊಂದು ತಾಕಬಾರದು, ಬೆರೆತರೆ ಬಹಳ ಕಡಿಮೆ ಕಾವಿನಲ್ಲೇ ಕರಗಿಬಿಡುತ್ತವೆ. ಚಾಕುವಿನ ಮೇಲೂ ಬೀಳಬಾರದು, ಕರಗಿದ ಉಪ್ಪು ಉಕ್ಕನ್ನು ಕೊರೆಯುತ್ತದೆ.

ಸಂಜೆ ಏಳರ ನಂತರ, ಅಂಗಡಿಯ ದೀಪ ಆರಿಸಿ ಕೆಲಸ ಶುರು ಮಾಡುತ್ತೇನೆ. ಪೈಪ್ ಒಂದೇ ಸಮನೆ ಕೆಂಪಾದ ಮೇಲೆ ಚಾಕುವನ್ನು ಬೆನ್ನು ಕೆಳಗೆ, ಬಾಯಿ ಮೇಲೆ ಮಾಡಿ ಒಳಗಿಟ್ಟು, ಅದರ ಪಕ್ಕದಲ್ಲೇ ಎರಡು ಮೊಳೆಗಳನ್ನಿಟ್ಟು, ಪೈಪಿನ ಬಾಯಿಗೆ ಇಟ್ಟಿಗೆ ಚೂರು ಒರಗಿಸುತ್ತೇನೆ. ಬ್ಲೋವರನ್ನು ನಿಧಾನವಾಗಿ ತಿರುಗಿಸುತ್ತೇನೆ. ಎರಡು ಮೂರು ನಿಮಿಷಕ್ಕೊಮ್ಮೆ ಇಟ್ಟಿಗೆ ಸರಿಸಿ ನೋಡುತ್ತೇನೆ.

ಆಗ ಕಾಣುವುದನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಕತ್ತಲೆಯಲ್ಲಿ ಚಾಕು ಮೊದಲು ಪೈಪಿನ ಬಣ್ಣಕ್ಕೇ ಬರುತ್ತದೆ. ಆಮೇಲೆ ಎಲ್ಲಿಂದಲೋ ನೆರಳು ಬೀಳುತ್ತದೆ. ಕೆಂಪಗಾದ ಉಕ್ಕಿನೊಳಗೆ ಮಸುಕು ಮೋಡಗಳು ತೆವಳುತ್ತವೆ; ಬಾಯಿಯ ಕಡೆಯಿಂದ, ತುದಿಯಿಂದ, ದಪ್ಪ ಬೆನ್ನಿನ ಕಡೆಗೆ ಮೆಲ್ಲಗೆ ಸರಿಯುತ್ತವೆ. ಉಕ್ಕು ತನ್ನ ಒಳರಚನೆಯನ್ನು ಬದಲಿಸಲು ಕಾವನ್ನು ನುಂಗುತ್ತಿರುವ ಗುರುತು ಅದು. ನುಂಗುವಷ್ಟು ಹೊತ್ತು ಆ ಜಾಗ ಸುತ್ತಲಿನದಕ್ಕಿಂತ ಮಂಕಾಗಿರುತ್ತದೆ. ಬೆನ್ನಿನ ಕೊನೆಯ ನೆರಳೂ ಅಳಿಸಿ ಹೋದಾಗ ಚಾಕು ಒಮ್ಮೆಗೇ ಸ್ವಚ್ಛವಾಗಿ ಬೆಳಗುತ್ತದೆ. ಮೊದಲ ಬಾರಿ ಇದನ್ನು ಕಂಡಾಗ ಬ್ಲೋವರ್ ತಿರುಗಿಸುವುದನ್ನೇ ಮರೆತು ನಿಂತಿದ್ದೆ, ಬೆಂಕಿ ಇಳಿದುಹೋಯಿತು.

ನೆರಳು ಹೋದ ಮೇಲೂ ಉಪ್ಪು ಇನ್ನೂ ಬಿಳಿ ಪುಡಿಯಾಗಿಯೇ ಇರುತ್ತದೆ. ಆಚಾರರ ‘ಅದ್ದು’ ಇಲ್ಲೇ ಬರುವುದು. ಅದ್ದಬೇಡಿ. ಸ್ವಲ್ಪ ಗಾಳಿ ಕೊಡಿ. ಉಪ್ಪಿನ ಅಂಚು ಮೊದಲು ಒದ್ದೆಯಾದಂತೆ ಕಾಣುತ್ತದೆ, ಆಮೇಲೆ ಇಡೀ ಚಿಟಿಕೆ ಕುಸಿದು ಮೊಳೆಯ ತಲೆಯ ಮೇಲೆ ಒಂದು ಹೊಳೆಯುವ ಹನಿಯಾಗುತ್ತದೆ. ಆ ಕ್ಷಣದಿಂದ ಗಡಿಯಾರ ನೋಡಿ ಹತ್ತು ನಿಮಿಷ. ಈ ಹೊತ್ತಿನಲ್ಲಿ ಬೆಂಕಿಯನ್ನು ಏರಿಸದೆ ಇಳಿಸದೆ ಹಿಡಿಯುವುದೇ ಕೆಲಸ. ಹನಿ ಮತ್ತೆ ಬೆಳ್ಳಗೆ ಗಟ್ಟಿಯಾದರೆ ಒಂದೆರಡು ಸುತ್ತು ಗಾಳಿ. ಸೋಡದ ಅಂಚು ಒದ್ದೆಯಾದರೆ ಬ್ಲೋವರಿನಿಂದ ಕೈ ತೆಗೆದು, ಇಟ್ಟಿಗೆ ಸರಿಸಿ, ತಣಿಯಲು ಬಿಡಿ. ಸೋಡ ಪೂರ್ತಿ ಕರಗಿತೋ, ಆ ಸಲ ಎಣ್ಣೆಯ ಆಸೆ ಬಿಡಿ; ಚಾಕುವನ್ನು ತೆಗೆದು ಗಾಳಿಯಲ್ಲಿ ಆರಿಸಿ, ಮೂರು ಸುತ್ತಿನ ಕೊನೆಯ ಸುತ್ತನ್ನು ಮತ್ತೆ ಮಾಡಿ ಮೊದಲಿಂದ ಶುರು ಮಾಡಿ. ಆಮೇಲೊಮ್ಮೆ ಥರ್ಮೋಕಪಲ್, ಅಂದರೆ ಕಾವು ಅಳೆಯುವ ತಂತಿ, ಇರುವ ಮೀಟರ್ ಕೊಂಡು ಉಪ್ಪಿನ ಪಕ್ಕದಲ್ಲೇ ತೂರಿಸಿ ನೋಡಿದೆ. ಹನಿಯಾಗುವ ಹೊತ್ತಿಗೆ ಅದು 797 ತೋರಿಸಿತು. ಮೀಟರ್ ಪರವಾಗಿಲ್ಲ ಎಂದುಕೊಂಡೆ.

ಉಪ್ಪು ತಿಂದವನು ನೀರು ಕುಡಿಯಲೇಬೇಕು ಎನ್ನುತ್ತಾರೆ. ಈ ಉಕ್ಕು ಎಣ್ಣೆ ಕುಡಿಯಬೇಕು. ನೀರು ಇದನ್ನು ಎಷ್ಟು ಬೇಗ ತಣಿಸುತ್ತದೆಯೆಂದರೆ ಹೊರಮೈ ಗಟ್ಟಿಯಾಗಿ ಒಳಮೈ ಇನ್ನೂ ಹಿಗ್ಗುತ್ತಿರುವಾಗಲೇ ಸೀಳಿಬಿಡುತ್ತದೆ. ನಾನು ಬಳಸುವುದು ಹೊಂಗೆ ಎಣ್ಣೆ, ಐದು ಲೀಟರ್, ತಳ ಬೆಸೆದ ಕಬ್ಬಿಣದ ಪೈಪಿನಲ್ಲಿ, ನಿಲ್ಲಿಸಿ. ಕಡಲೆಕಾಯಿ ಎಣ್ಣೆಯೂ ಆಗುತ್ತದೆ, ವಾಸನೆಗೆ ಹಸಿವಾಗುತ್ತದೆ ಅಷ್ಟೇ. ಗ್ಯಾರೇಜಿನ ಹಳೆಯ ಇಂಜಿನ್ ಆಯಿಲ್ ಬೇಡ. ಅದರ ಹೊಗೆಯಲ್ಲಿ ಏನೇನು ಇರುತ್ತದೆಂದು ಮೂವತ್ತು ವರ್ಷ ಅದರಲ್ಲೇ ಕೈಯಾಡಿಸಿದ ನನಗೆ ಗೊತ್ತು. ಎಣ್ಣೆ ಐವತ್ತು ಅರವತ್ತು ಡಿಗ್ರಿಗೆ ಬೆಚ್ಚಗಿರಲಿ, ಕಾದ ಕಬ್ಬಿಣದ ತುಂಡೊಂದನ್ನು ಅದ್ದಿದರೆ ಅಷ್ಟಾಗುತ್ತದೆ. ಬೆಚ್ಚಗಿನ ಎಣ್ಣೆ ತೆಳುವಾಗಿ ಹರಿದು, ತಣ್ಣನೆಯದಕ್ಕಿಂತ ಬೇಗ ತಣಿಸುತ್ತದೆ. ಹೊಸಬರಿಗೆ ಇದು ತಿರುಗುಮುರುಗು ಎನಿಸುತ್ತದೆ. ಎಣ್ಣೆಯ ಪೈಪಿಗೆ ಕಬ್ಬಿಣದ ಮುಚ್ಚಳ, ಪಕ್ಕದಲ್ಲಿ ಒಂದು ಬಕೆಟ್ ಒಣ ಮರಳು ಇರಲೇಬೇಕು. ಎಣ್ಣೆ ಹೊತ್ತಿಕೊಂಡರೆ ನೀರು ಎರಚಬಾರದು. ನೈಲಾನ್ ಅಂಗಿ ಹಾಕಿಕೊಂಡು ನಿಲ್ಲಬೇಡಿ.

ಪೈಪಿನಿಂದ ಎಣ್ಣೆಗೆ ಎರಡು ಕ್ಷಣದ ದಾರಿಯಿರಬೇಕು, ನಡುವೆ ಕಾಲಿಗೆ ಏನೂ ಸಿಗಬಾರದು. ಇಕ್ಕಳದಲ್ಲಿ ಹಿಡಿಯ ಕಡೆ ಹಿಡಿದು ತುದಿ ಮುಂದಾಗಿ ನೇರವಾಗಿ ಇಳಿಸಿ, ಮೇಲೆ ಕೆಳಗೆ ಆಡಿಸಿ. ಪಕ್ಕಕ್ಕೆ ಅಲ್ಲಾಡಿಸಿದರೆ ಸೊಟ್ಟಗಾಗುತ್ತದೆ. ಹತ್ತು ಎಣಿಸಿ ಹೊರಗೆ ತೆಗೆಯಿರಿ. ಆಗ ಒಂದು ಅಚ್ಚರಿ ಕಾದಿರುತ್ತದೆ: ಚಾಕು ಇನ್ನೂ ಗಟ್ಟಿಯಾಗಿರುವುದಿಲ್ಲ. ಸುಮಾರು 200 ಡಿಗ್ರಿಗೆ ಇಳಿಯುವವರೆಗೆ ಅದು ಬಾಗುವ ಸ್ಥಿತಿಯಲ್ಲೇ ಇರುತ್ತದೆ. ದಪ್ಪ ಚರ್ಮದ ಕೈಗವಸು ಹಾಕಿ, ಬೆನ್ನಿನ ಉದ್ದಕ್ಕೂ ಕಣ್ಣು ಹಾಯಿಸಿ, ಸೊಟ್ಟವಿದ್ದರೆ ಕೈಯಲ್ಲೇ ಒತ್ತಿ ಸರಿಮಾಡಿ. ಅರ್ಧ ನಿಮಿಷದ ಅವಕಾಶ ಅಷ್ಟೇ. ಒತ್ತುವಾಗ ಬಿಗಿ ಬಂದಂತೆ ಅನಿಸಿದರೆ ಕೈ ಬಿಡಿ, ಆ ಮೇಲೆ ಒತ್ತಿದರೆ ಮುರಿಯುತ್ತದೆ.

ಕೈಗೆ ಬೆಚ್ಚಗೆ ತಾಕುವಷ್ಟು ಆರಿದ ಮೇಲೆ ಬಾಯಿಯ ಮೇಲೆ ಅರ ಎಳೆಯಿರಿ. ಮೊದಲ ಒಂದೆರಡು ಎಳೆತಕ್ಕೆ ಮೇಲಿನ ಮೆತ್ತನೆ ಸಿಪ್ಪೆ ಬರಬಹುದು. ಆಮೇಲೆ ಅರ ಗಾಜಿನ ಮೇಲೆ ಎಳೆದಂತೆ ಕಿಣ್ಣೆಂದು ಜಾರಬೇಕು. ಜಾರಿದರೆ ಹದ ಹತ್ತಿದೆ. ಕೈಜಾರಿ ಬೀಳಿಸಬೇಡಿ, ಈ ಹೊತ್ತಿನಲ್ಲಿ ಅದು ಗಾಜೇ. ನಾಳೆ ನೋಡಿದರಾಯಿತು ಎಂದು ಇಡಲೂಬೇಡಿ. ಹಾಗೆ ಇಟ್ಟ ನನ್ನ ಎರಡನೆಯ ಚಾಕು ರಾತ್ರಿ ಮೇಜಿನ ಮೇಲೆ ತಾನಾಗಿ ಸೀಳಿಕೊಂಡಿತ್ತು.

ಈ ಗಾಜಿನ ಗುಣ ಇಳಿಯಲು, ಸೋಪಿನಲ್ಲಿ ಎಣ್ಣೆ ತೊಳೆದು ಅದೇ ರಾತ್ರಿ ಬಿಸಿಗೆ ಇಡಬೇಕು: 200 ಡಿಗ್ರಿಯಲ್ಲಿ ಎರಡು ಗಂಟೆ, ತಣ್ಣಗಾಗಲು ಬಿಟ್ಟು ಮತ್ತೆ ಎರಡು ಗಂಟೆ. ಮನೆಯ ಕೇಕ್ ಓವನ್ ಸಾಕು, ಆದರೆ ಅದರ ಗುಂಡಿಯ ಮೇಲಿನ ಅಂಕಿಯನ್ನು ನಂಬಬೇಡಿ. ನಮ್ಮನೆಯದು 200ಕ್ಕೆ ಇಟ್ಟರೆ 225 ತೋರಿಸುತ್ತದೆ, ಅದೂ ಏರಿಳಿಯುತ್ತ. ಒಂದು ತಟ್ಟೆ ತುಂಬ ಒಣ ಮರಳು ಹಾಕಿ, ಪುರಿ ಭಟ್ಟಿಯವರಂತೆ ಮೊದಲು ಮರಳನ್ನು ಕಾಯಿಸಿ, ಅದರೊಳಗೆ ಚಾಕುವನ್ನು ಹೂತು, ಪಕ್ಕದಲ್ಲೇ ಥರ್ಮಾಮೀಟರಿನ ಕಡ್ಡಿ ಚುಚ್ಚಿಟ್ಟರೆ ಏರಿಳಿತವನ್ನು ಮರಳು ನುಂಗಿಕೊಳ್ಳುತ್ತದೆ. ಓವನ್ ಇಲ್ಲದವರು ದಪ್ಪ ತಳದ ಬಾಣಲೆಯಲ್ಲಿ ಇದೇ ಮರಳಿನ ಉಪಾಯ ಮಾಡಬಹುದು, ಆದರೆ ನಾಲ್ಕು ಗಂಟೆ ಒಲೆಯ ಮುಂದೆ ಕೂರಬೇಕು. ‘ಕೇಕ್ ಎಲ್ಲಿ?’ ಎಂದು ಮಗಳು ಕೇಳಿದಾಗ ಹೇಳಲು ಉತ್ತರ ಸಿದ್ಧವಿರಲಿ.

ಹೊರಗೆ ತೆಗೆದಾಗ, ಮುಂಚೆ ಉಜ್ಜಿ ಹೊಳಪು ಮಾಡಿದ ಜಾಗ ಒಣ ಭತ್ತದ ಹುಲ್ಲಿನ ತೆಳು ಹಳದಿಗೆ ತಿರುಗಿರಬೇಕು. ಬೆಲ್ಲದ ಬಣ್ಣ ಬಂದರೆ ಕಾವು ಹೆಚ್ಚಾಗಿದೆ, ಗಡಸು ಸ್ವಲ್ಪ ಇಳಿದಿದೆ, ಆದರೂ ಬಳಸಬಹುದು. ಬದನೆಕಾಯಿ ಬಣ್ಣ, ಅದರಾಚೆ ನವಿಲಿನ ನೀಲಿ ಬಂದರೆ ಚಾಕುವಿನ ಬಾಯಿಗೆ ಬೇಕಾದದ್ದು ಹೋಯಿತು. ಕೊನೆಯ ಸಾಣೆಯಲ್ಲೂ ಇದೇ ನೆನಪಿರಲಿ. ಪ್ರತಿ ಎಳೆತಕ್ಕೂ ನೀರಿಗೆ ಅದ್ದಿ, ಬರಿಗೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಾಗಲು ಬಿಡಬೇಡಿ. ಒಂದು ಕ್ಷಣದ ಸಾಣೆ ಒಂದು ದಿನದ ಹದವನ್ನು ನೀಲಿ ಮಾಡಿಬಿಡುತ್ತದೆ.

ಹೀಗೆ ಮಾಡಿದ ಚಾಕುವನ್ನು ತೆಂಗಿನಕಾಯಿಗೆ, ಮೂಳೆಗೆ ಬೀಸಬೇಡಿ, ಬಾಯಿ ಚಕ್ಕೆ ಏಳುತ್ತದೆ. ಅದಕ್ಕೆಲ್ಲ ಆಚಾರರ ಸ್ಪ್ರಿಂಗ್ ಪಟ್ಟಿಯ ಮಚ್ಚೇ ಸರಿ. ಅಲ್ಲಿ ನನ್ನದು ಸೋಲುತ್ತದೆ ಎಂದು ಅವರ ಮುಂದೆಯೇ ಒಪ್ಪಿಕೊಂಡಿದ್ದೇನೆ. ಈರುಳ್ಳಿ, ಟೊಮೆಟೊ, ಕುಂಬಳಕಾಯಿಯ ಮುಂದೆ ಇದರ ಆಟ ನೋಡಬೇಕು. ನನ್ನ ಪರೀಕ್ಷೆ ತೆಂಗಿನ ನಾರಿನ ಹಗ್ಗ. ಮೂರನೆಯ ಚಾಕು ನಲವತ್ತು ಸಲ ಹಗ್ಗ ಕೊಯ್ದ ಮೇಲೂ ಕಾಗದ ಸೀಳಿತು. ಅಂಗಡಿಯಿಂದ ತಂದ ಸ್ಟೀಲ್ ಚಾಕು ಹನ್ನೊಂದಕ್ಕೇ ಜಾರತೊಡಗಿತು. ಆಚಾರರು ಅದನ್ನು ಉಗುರಿನ ಮೇಲೆ ಇಟ್ಟು ನೋಡಿ, ಏನೂ ಹೇಳದೆ, ಹೊರಡುವಾಗ, ‘ಆ ಸೋಡ ಯಾವ ಅಂಗಡಿಯದು?’ ಎಂದು ಕೇಳಿದರು.

ಒಂದೂವರೆ ಪಾಲು ಕ್ರೋಮಿಯಂ ತುಕ್ಕು ತಡೆಯಲು ಏನೇನೂ ಸಾಲದು. ತುಕ್ಕು ಹಿಡಿಯದ ಉಕ್ಕಿಗೆ ಅದು ಹತ್ತು ಪಾಲಿಗಿಂತ ಹೆಚ್ಚಿರಬೇಕು. ತರಕಾರಿ ಹೆಚ್ಚಿದ ಕೂಡಲೇ ಚಾಕುವನ್ನು ತೊಳೆದು, ಒರೆಸಿ, ಒಂದು ಹನಿ ಕೊಬ್ಬರಿ ಎಣ್ಣೆ ಸವರಿ. ನಿಂಬೆ, ಮಾವಿನಕಾಯಿ ತಾಕಿ ಅಲಗು ಬೂದು ನೀಲಿಗೆ ತಿರುಗುತ್ತದೆ, ಅದು ಕೆಡುಕಲ್ಲ, ಬಿಟ್ಟುಬಿಡಿ. ನಮ್ಮಮ್ಮನಿಗೆ ಅದು ಕೊಳೆಯಂತೆ ಕಂಡಿತು. ಹಬ್ಬದ ಹಿಂದಿನ ದಿನ ಹಿತ್ತಾಳೆ ಪಾತ್ರೆಗಳ ಜೊತೆಗೆ ಅದನ್ನೂ ಹುಣಸೆಹಣ್ಣು ಹಾಕಿ ತಿಕ್ಕಿ, ಬಿಸಿಲಿಗೆ ಮಗುಚಿಟ್ಟರು. ಸಂಜೆಯ ಹೊತ್ತಿಗೆ ಅದು ಇಟ್ಟಿಗೆ ಬಣ್ಣಕ್ಕೆ ಬಂದಿತ್ತು. ಈಗ ಅದು ಅಂಗಡಿಯಲ್ಲಿ, ಸ್ಪ್ಯಾನರುಗಳ ಪೆಟ್ಟಿಗೆಯ ಹಿಂದೆ, ಎಣ್ಣೆ ಬಟ್ಟೆ ಸುತ್ತಿಕೊಂಡು ಮಲಗಿದೆ. ಅಮ್ಮನಿಗೆ ನಾಲ್ಕನೆಯದನ್ನು ಕೊಟ್ಟಿದ್ದೇನೆ.